ಜಲಾಶಯದ ದಾರಿಯೂ ನಮ್ಮ ಆರೋಗ್ಯವೂ

ಆರೋಗ್ಯದ ಲೇಖನಗಳನ್ನು ವೈದ್ಯರು ಬರೆಯುವುದು ವಾಡಿಕೆ. ನಾನು ವೈದ್ಯನಲ್ಲ. ವಾಣಿಜ್ಯಶಾಸ್ತ್ರವನ್ನು ಓದಿ, ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಮೇಜಿನ ಮುಂದೆ ಕುಳಿತು ಪರರ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿರುವವನು. ಆದರೂ ನಮ್ಮ ಸಂಘದ ಸ್ಮರಣ ಸಂಚಿಕೆಯ ಸಂಪಾದಕರು ಆರೋಗ್ಯ ವಿಭಾಗಕ್ಕೆ ಒಂದು ಲೇಖನವನ್ನು ಕೇಳಿದಾಗ ಸಂಕೋಚದಿಂದಲೇ ಒಪ್ಪಿಕೊಂಡೆ. ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರ ಮುಂದೆ ಒಂದು ಮಾತನ್ನು ಇಡಬೇಕೆಂದು ಬಹು ದಿನಗಳಿಂದ ಅಂದುಕೊಂಡಿದ್ದೆ. ನಗರಕ್ಕೆ ಸಮೀಪದ ಜಲಾಶಯಗಳ ಸುತ್ತಲಿನ ರಸ್ತೆಗಳು ವಾರಕ್ಕೆ ಕೆಲವು ಗಂಟೆಗಳಾದರೂ ಮೋಟಾರು ವಾಹನಗಳಿಂದ ಮುಕ್ತವಾಗಿರಬೇಕು, ಮತ್ತು ಅದನ್ನು ಕೇಳುವವರಲ್ಲಿ ನಾವೂ ಒಬ್ಬರಾಗಬೇಕು ಎಂಬುದೇ ಆ ಮಾತು.

ಹೊಸ್ತಿಲಿನ ಎಚ್ಚರಿಕೆ

ನನಗೆ ನಲವತ್ತನಾಲ್ಕು ತುಂಬಿದ ವರ್ಷ ಬ್ಯಾಂಕಿನ ವಾರ್ಷಿಕ ತಪಾಸಣೆಯಲ್ಲಿ ಬರಿಹೊಟ್ಟೆಯ ಸಕ್ಕರೆ 118 ಎಂದು ಬಂದಿತು. ವೈದ್ಯರು ಕಾಗದವನ್ನು ನನ್ನ ಕಡೆಗೆ ತಿರುಗಿಸಿ, ‘ಇದು ಇನ್ನೂ ಮಧುಮೇಹವಲ್ಲ, ಅದರ ಹೊಸ್ತಿಲು. ಒಳಗೆ ಹೋಗುವುದೂ ಹಿಂದಿರುಗುವುದೂ ನಿಮ್ಮ ಕೈಯಲ್ಲಿದೆ’ ಎಂದರು. ನನ್ನ ತಂದೆಯವರು ಇದೇ ಕಾಯಿಲೆಯಿಂದ ಹನ್ನೆರಡು ವರ್ಷ ನರಳಿ, ಕೊನೆಗೆ ಕಣ್ಣಿನ ಬೆಳಕನ್ನೂ ಬಹುಪಾಲು ಕಳೆದುಕೊಂಡವರು. ಆದುದರಿಂದ ಆ ಮಾತು ನನಗೆ ಚೆನ್ನಾಗಿಯೇ ನಾಟಿತು.

ಈ ಹೊಸ್ತಿಲಲ್ಲಿ ನಿಂತವನು ನಾನೊಬ್ಬನೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನರು ಅದರ ಪೂರ್ವಸ್ಥಿತಿಯಲ್ಲಿದ್ದಾರೆ. ನಮ್ಮ ಸಂಘದ ಯಾವುದೇ ಸಮಾರಂಭದಲ್ಲಿ ಊಟದ ಪಂಕ್ತಿಯನ್ನು ನೋಡಿದರೆ ಇದು ತಿಳಿಯುತ್ತದೆ. ಹೋಳಿಗೆ ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಇಡುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ.

ವೈದ್ಯರ ಮಾತಿನಂತೆ ಹದಿನಾಲ್ಕು ಸಾವಿರ ರೂಪಾಯಿ ಕೊಟ್ಟು ಗೇರುಳ್ಳ ಸೈಕಲ್ಲೊಂದನ್ನು ಕೊಂಡೆ. ನಾನು ಹೊಸಪೇಟೆಯವನು. ಬಾಲ್ಯದಲ್ಲಿ ಗಂಟೆಗೆ ಎರಡು ರೂಪಾಯಿಯಂತೆ ಬಾಡಿಗೆ ಸೈಕಲ್ಲು ಪಡೆದು, ಸೀಟಿಗೆ ಕಾಲೆಟುಕದೆ ಒಳಪೆಡಲು ಹೊಡೆಯುತ್ತ, ತುಂಗಭದ್ರೆಯ ಕಾಲುವೆಯ ಏರಿಯ ಮೇಲೆ ಮೈಲಿಗಟ್ಟಲೆ ಹೋಗಿ ಬಂದವನು. ಒಂದು ಪಕ್ಕಕ್ಕೆ ನೀರು, ಇನ್ನೊಂದು ಪಕ್ಕಕ್ಕೆ ಬಾಳೆಯ ತೋಟ ಮತ್ತು ಕಬ್ಬಿನ ಗದ್ದೆ. ಎದುರಿಗೆ ಬಂದರೆ ಒಂದು ಎತ್ತಿನ ಗಾಡಿ. ಬಿದ್ದರೆ ಮೊಣಕಾಲು ತರಚುತ್ತಿತ್ತು, ಅಷ್ಟೆ. ಸೈಕಲ್ ಸವಾರಿ ಎಂದರೆ ನನ್ನ ಮನಸ್ಸಿನಲ್ಲಿ ಇದೇ ಚಿತ್ರವಿತ್ತು.

ಹೈದರಾಬಾದಿನ ರಸ್ತೆಯಲ್ಲಿ ಆ ಚಿತ್ರ ಒಂಬತ್ತು ದಿನ ಬಾಳಿತು. ಹತ್ತನೆಯ ದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಬಸ್ಸೊಂದು ನನ್ನನ್ನು ರಸ್ತೆಯ ಅಂಚಿಗೆ ಒತ್ತಿಕೊಂಡು ಹೋಯಿತು. ಹ್ಯಾಂಡಲು ತಿರುಗಿ ಬಿದ್ದೆ. ಎಡ ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪಟ್ಟಿ ಹಾಕಿಸಿಕೊಂಡಿದ್ದಾಯಿತು. ಸೈಕಲ್ಲು ಬಾಲ್ಕನಿ ಸೇರಿತು. ನನ್ನ ಶ್ರೀಮತಿಯವರು ಅದರ ಮೇಲೆ ಟವೆಲುಗಳನ್ನು ಒಣಹಾಕತೊಡಗಿದರು. ನಾನು ಆಕ್ಷೇಪಿಸಲಿಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ, ಅಂದರೆ ದಿನಕ್ಕೆ ಸುಮಾರು 460. ಇಂತಹ ರಸ್ತೆಗೆ ಆರೋಗ್ಯವನ್ನು ಅರಸಿ ಹೋಗು ಎಂದು ಯಾವ ಗೃಹಿಣಿ ತಾನೆ ಗಂಡನಿಗೆ ಹೇಳಿಯಾಳು?

ಗಂಡಿಪೇಟೆಯ ದಾರಿ

ಪಟ್ಟಿ ಬಿಚ್ಚಿ ಎರಡು ತಿಂಗಳಾದ ಮೇಲೆ ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬರು ಒಂದು ಭಾನುವಾರ ನನ್ನನ್ನು ಬಲವಂತದಿಂದ ಗಂಡಿಪೇಟೆಯ ಕಡೆಗೆ ಕರೆದೊಯ್ದರು. ಬೆಳಗಿನ ಐದೂವರೆ, ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ನರಸಿಂಗಿಯನ್ನು ದಾಟಿ ಮುಂದೆ ಹೋದಂತೆ ಬಹುಮಹಡಿ ಕಟ್ಟಡಗಳು ಹಿಂದೆ ಸರಿದವು. ಬಂಡೆಗುಡ್ಡಗಳು, ಅವುಗಳ ಸಂದಿನಲ್ಲಿ ಸೀತಾಫಲದ ಪೊದೆಗಳು, ತರಕಾರಿ ಮತ್ತು ಹೂವಿನ ತೋಟಗಳು, ಕೊನೆಗೆ ಉಸ್ಮಾನ್ ಸಾಗರದ ವಿಶಾಲವಾದ ನೀರು. ದಡದ ಕಲ್ಲುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕುಳಿತಿದ್ದವು. ಒಂದು ಗಂಟೆಯ ಕಾಲ ನಮಗೆ ಎದುರಾದ ವಾಹನಗಳನ್ನು ಬೆರಳುಗಳಲ್ಲಿ ಎಣಿಸಬಹುದಿತ್ತು. ಕಾಲುವೆಯ ಏರಿಯನ್ನು ಬಿಟ್ಟು ಮೂವತ್ತು ವರ್ಷಗಳಾದ ಮೇಲೆ ಅಂದು ಮತ್ತೆ ನಾನು ಭಯವಿಲ್ಲದೆ ಸೈಕಲ್ಲು ತುಳಿದೆ.

ಈ ನೀರಿಗೂ ಕನ್ನಡಿಗರಿಗೂ ಸಂಬಂಧವಿರುವುದನ್ನು ಇಲ್ಲಿ ನೆನೆಯುವುದು ಉಚಿತ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನ ದೊಡ್ಡ ಭಾಗವನ್ನು ಕೊಚ್ಚಿಕೊಂಡು ಹೋಯಿತು. ಸಹಸ್ರಾರು ಜನರು ಪ್ರಾಣ ಕಳೆದುಕೊಂಡರು. ಮರುವರ್ಷ ನಿಜಾಮರ ಸರ್ಕಾರವು ಪರಿಹಾರವನ್ನು ಸೂಚಿಸುವಂತೆ ಆಹ್ವಾನಿಸಿದ್ದು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ನಗರದಿಂದ ಮೇಲೆ ಮೂಸಿಗೂ ಅದರ ಉಪನದಿಯಾದ ಈಸಿಗೂ ಜಲಾಶಯಗಳನ್ನು ಕಟ್ಟಿ ನೆರೆಯನ್ನು ಅಲ್ಲಿಯೇ ತಡೆಯಬೇಕೆಂದು ಅವರು ಸಲಹೆ ಮಾಡಿದರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ನೆರೆಯನ್ನು ತಡೆಯುವುದರ ಜೊತೆಗೆ ಅವು ಬಹುಕಾಲ ನಗರದ ಬಾಯಾರಿಕೆಯನ್ನೂ ತಣಿಸಿದವು. ಗಂಡಿಪೇಟೆಯ ನೀರು ಕುಡಿದವನು ಹೈದರಾಬಾದನ್ನು ಬಿಟ್ಟು ಹೋಗಲಾರನೆಂದು ಇಲ್ಲಿಯ ಹಳಬರು ಹೇಳುವುದುಂಟು. ಬೀದರ, ಗುಲ್ಬರ್ಗ, ರಾಯಚೂರು, ಬಳ್ಳಾರಿಗಳಿಂದ ಬಂದು ಇಲ್ಲಿಯೇ ಉಳಿದ ನಮಗೆ ಆ ಮಾತು ಸರಿಯಾಗಿಯೇ ಒಪ್ಪುತ್ತದೆ.

ಇಂದು ನಗರಕ್ಕೆ ಕೃಷ್ಣೆ ಗೋದಾವರಿಗಳ ನೀರು ದೂರದಿಂದ ಬರುತ್ತಿದೆ. ಆದರೆ ಈ ಎರಡು ಜಲಾಶಯಗಳ ಸುತ್ತ ಹಳ್ಳಿಗಾಡು ಉಳಿದುಕೊಂಡಿದ್ದರೆ ಅದಕ್ಕೂ ನೀರೇ ಕಾರಣ. ಕುಡಿಯುವ ನೀರು ಕೆಡಬಾರದೆಂದು 1996ರ ಮಾರ್ಚ್ ತಿಂಗಳಲ್ಲಿ ಹೊರಟ 111ನೆಯ ಸಂಖ್ಯೆಯ ಸರ್ಕಾರಿ ಆದೇಶವು ಹತ್ತು ಕಿಲೋಮೀಟರುಗಳ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಮಲಿನಗೊಳಿಸುವ ಕೈಗಾರಿಕೆಗಳನ್ನೂ ದೊಡ್ಡ ಕಟ್ಟಡಗಳನ್ನೂ ನಿರ್ಬಂಧಿಸಿತು. 2022ರ ಏಪ್ರಿಲ್‌ನಲ್ಲಿ ಆ ನಿರ್ಬಂಧಗಳನ್ನು ಸಡಿಲಿಸುವ ಮತ್ತೊಂದು ಆದೇಶ ಬಂದಿತು. ಹಳ್ಳಿಯವರಿಗೆ ತಮ್ಮ ಭೂಮಿಯ ಬೆಲೆ ಬೇಡವೆ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ನಾವು ಭಾನುವಾರ ಅನುಭವಿಸುವ ಆ ನೆಮ್ಮದಿ ತಾನಾಗಿಯೇ ಉಳಿದುದಲ್ಲ, ಹಿಂದಿನವರು ನೀರಿಗಾಗಿ ಕಾದಿಟ್ಟದ್ದು ಎಂಬುದನ್ನು ಮರೆಯಬಾರದು.

ವಾಹನವಿಲ್ಲದ ದಾರಿಯೇ ಏಕೆ?

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆ ನೀಡಿದೆ. ನಮ್ಮ ವಯಸ್ಸಿನವರಿಗೆ ಸೈಕಲ್ಲು ಅದಕ್ಕೆ ಬಹಳ ಅನುಕೂಲವಾದ ಸಾಧನ. ಓಡುವಾಗ ದೇಹದ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಸೈಕಲ್ಲಿನಲ್ಲಿ ಅದರ ಬಹುಪಾಲನ್ನು ಸೀಟು ಹೊರುತ್ತದೆ. ತೊಡೆಯ ಸ್ನಾಯುಗಳು ನಮ್ಮ ದೇಹದ ಅತಿ ದೊಡ್ಡ ಸ್ನಾಯುಗಳ ಸಾಲಿಗೆ ಸೇರಿದವು. ಅವು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ನೇರವಾಗಿ ಎಳೆದುಕೊಂಡು ಉರಿಸುತ್ತವೆ; ಇನ್ಸುಲಿನ್ನಿನ ಕೆಲಸ ಮಂದವಾಗಿರುವವರಲ್ಲಿಯೂ ಇದು ನಡೆಯುತ್ತದೆ. ಬ್ರಿಟನ್ನಿನಲ್ಲಿ ಎರಡೂವರೆ ಲಕ್ಷಕ್ಕೂ ಮೀರಿದ ಜನರನ್ನು ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರಿಗೆ ಅಕಾಲ ಮರಣದ ಸಂಭವವು ಶೇಕಡ 41ರಷ್ಟು ಕಡಿಮೆಯೆಂದು ಕಂಡುಬಂದಿತು. ಸೈಕಲ್ಲು ತುಳಿಯುವವರು ಮೊದಲೇ ಆರೋಗ್ಯವಂತರಾಗಿರುವುದುಂಟು, ಆದುದರಿಂದ ಇದೆಲ್ಲ ಸೈಕಲ್ಲಿನಿಂದಲೇ ಎಂದು ಹೇಳಲಾಗದು. ಆದರೂ ಲೆಕ್ಕದಲ್ಲಿ ಪಳಗಿದವರು ಅಲಕ್ಷಿಸುವಂಥ ಅಂಕಿಯಲ್ಲ.

ಈ ಲಾಭವು ಕೈಗೆ ಬರಬೇಕಾದರೆ ದಾರಿ ಹೇಗಿದೆ ಎಂಬುದು ಮುಖ್ಯ. ನಗರದಲ್ಲಿ ಫರ್ಲಾಂಗಿಗೊಂದು ಸಿಗ್ನಲ್ಲು. ಉಸಿರು ಲಯಕ್ಕೆ ಬರುವಷ್ಟರಲ್ಲಿ ಬ್ರೇಕು ಹಿಡಿಯಬೇಕು. ಶ್ರಮದಲ್ಲಿ ಉಸಿರಾಟ ಆಳವಾಗುವುದರಿಂದ ಹೊಗೆಯೂ ಅಷ್ಟೇ ಆಳಕ್ಕೆ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಭಯ. ಬೆನ್ನ ಹಿಂದೆ ಹಾರನ್ನಿನ ಸದ್ದು ಕೇಳುತ್ತಿರುವಾಗ ಭುಜಗಳು ಬಿಗಿದುಕೊಂಡಿರುತ್ತವೆ; ಮನಸ್ಸಿಗೆ ವಿಶ್ರಾಂತಿಯೇ ಇಲ್ಲ. ನಾಲ್ಕು ದಿನ ಹೀಗೆ ಹೋದವನು ಐದನೆಯ ದಿನ ಬಿಟ್ಟುಬಿಡುತ್ತಾನೆ. ವ್ಯಾಯಾಮದಲ್ಲಿ ಫಲ ಕೊಡುವುದು ನಿಯಮಿತತನ. ನಿಯಮಿತತನಕ್ಕೆ ಬೇಕಾದದ್ದು ನಿರ್ಭಯತೆ.

ನನ್ನ ಅನುಭವವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುವುದಾದರೆ, ಭಾನುವಾರಗಳಂದು ಜಲಾಶಯದ ದಾರಿಯಲ್ಲಿ ಎರಡು ಗಂಟೆ, ವಾರದ ಉಳಿದ ದಿನಗಳಲ್ಲಿ ಅರ್ಧ ಗಂಟೆ ನಡಿಗೆ, ರಾತ್ರಿ ಅನ್ನ ಅರ್ಧಕ್ಕೆ. ಹದಿನಾಲ್ಕು ತಿಂಗಳಲ್ಲಿ ಆರು ಕಿಲೋ ತೂಕ ಇಳಿಯಿತು. ಬರಿಹೊಟ್ಟೆಯ ಸಕ್ಕರೆ 104ಕ್ಕೆ ಬಂದಿತು. ಹೊಸ್ತಿಲನ್ನು ಪೂರ್ತಿ ಇಳಿದಿಲ್ಲವಾದರೂ ಒಂದು ಕಾಲು ಹೊರಗಿದೆ.

ಹೊಸದಾಗಿ ಆರಂಭಿಸುವವರಿಗೆ ಎರಡು ಮಾತು. ಪೆಡಲು ಕೆಳಗಿರುವಾಗ ಮೊಣಕಾಲು ಸ್ವಲ್ಪವೇ ಬಾಗಿರುವಂತೆ ಸೀಟಿನ ಎತ್ತರವಿರಲಿ. ತಗ್ಗಿನ ಸೀಟು ಮೊಣಕಾಲಿನ ಶತ್ರು. ಭಾರವಾದ ಗೇರಿನಲ್ಲಿ ತಿಣುಕುವುದಕ್ಕಿಂತ ಹಗುರವಾದ ಗೇರಿನಲ್ಲಿ ಬೇಗಬೇಗ ತುಳಿಯುವುದು ಲೇಸು. ಪಕ್ಕದವರೊಡನೆ ಮಾತನಾಡಲು ಸಾಧ್ಯವಿರುವಷ್ಟೇ ವೇಗ ಸಾಕು. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರೂ ಹೃದಯದ ತೊಂದರೆಯುಳ್ಳವರೂ ವೈದ್ಯರನ್ನು ಕೇಳಿಯೇ ತೊಡಗಬೇಕು. ಜೇಬಿನಲ್ಲಿ ಗ್ಲೂಕೋಸು ಇಲ್ಲವೆ ಸಕ್ಕರೆ ಇರಬೇಕು. ಎದೆ ಹಿಡಿದಂತಾದರೆ ಅಲ್ಲಿಯೇ ಇಳಿದುಬಿಡಬೇಕು. ಹೆಲ್ಮೆಟ್ಟು, ಹಿಂದಿನ ಕೆಂಪು ದೀಪ, ಒಂದು ಬಾಟಲಿ ನೀರು ಇವು ಎಲ್ಲರಿಗೂ ಅಗತ್ಯ.

ಪೇರಲೆಯ ಮುದುಕ

ಇಷ್ಟರಲ್ಲೇ ಲೇಖನವನ್ನು ಮುಗಿಸಬಹುದಿತ್ತು. ಆದರೆ ಕಳೆದ ಚಳಿಗಾಲದ ಒಂದು ಘಟನೆ ನನ್ನ ಆಲೋಚನೆಯನ್ನು ಬದಲಿಸಿತು.

ಜಲಾಶಯದ ದಾರಿಯಲ್ಲಿ ಪ್ರತಿ ಭಾನುವಾರ ಒಬ್ಬ ವೃದ್ಧರು ಹಳೆಯ ಕರಿ ಸೈಕಲ್ಲಿನ ಕ್ಯಾರಿಯರಿಗೆ ಬುಟ್ಟಿ ಕಟ್ಟಿಕೊಂಡು ಪೇರಲೆ ಹಣ್ಣು ತರುತ್ತಿದ್ದರು. ಹಳ್ಳಿಯಿಂದ ನಸುಕಿನಲ್ಲಿಯೇ ಹೊರಟು ನಗರದ ಅಂಚಿನವರೆಗೆ ಹೋಗುವುದು ಅವರ ನಿತ್ಯದ ಕೆಲಸ. ನಾವು ನಿಂತು ಹಣ್ಣು ಕೊಳ್ಳುತ್ತಿದ್ದೆವು. ನಮ್ಮ ಹೆಲ್ಮೆಟ್ಟುಗಳನ್ನು ನೋಡಿ ಅವರು ನಗುತ್ತಿದ್ದರು. ಒಂದು ಸಲ ನನ್ನ ಸೈಕಲ್ಲಿನ ಬೆಲೆಯನ್ನು ಕೇಳಿ, ‘ಇಷ್ಟು ಹಣ ಕೊಟ್ಟು ಕಷ್ಟಪಡುತ್ತೀರಲ್ಲ, ಸಾರ್!’ ಎಂದು ತೆಲುಗಿನಲ್ಲಿ ಹೇಳಿದರು.

ಜನವರಿಯ ಒಂದು ಭಾನುವಾರ ಅವರು ಕಾಣಿಸಲಿಲ್ಲ. ಮುಂದಿನ ವಾರವೂ ಇಲ್ಲ. ಚಹಾದ ಅಂಗಡಿಯಲ್ಲಿ ವಿಚಾರಿಸಿದಾಗ ತಿಳಿಯಿತು: ರಾತ್ರಿಯೆಲ್ಲ ಎಲ್ಲಿಯೋ ಮೋಜಿನಲ್ಲಿ ಕಳೆದು ನಸುಕಿನಲ್ಲಿ ನಗರಕ್ಕೆ ಹಿಂದಿರುಗುತ್ತಿದ್ದ ಕಾರೊಂದು ಅವರನ್ನು ಹಿಂದಿನಿಂದ ಗುದ್ದಿ ನಿಲ್ಲದೆ ಹೋಗಿತ್ತು. ತೊಡೆಯ ಮೂಳೆ ಮುರಿದು ಸರ್ಕಾರಿ ಆಸ್ಪತ್ರೆಯಲ್ಲಿದ್ದರು. ನಾವು ನಾಲ್ವರು ಹೋಗಿ ಕಂಡು, ಕೈಲಾದುದನ್ನು ಕೊಟ್ಟು ಬಂದೆವು. ಅವರು ಮನೆಗೆ ಮರಳಿದ್ದಾರೆ, ಆದರೆ ಸೈಕಲ್ಲು ಹತ್ತುವ ಸ್ಥಿತಿಯಲ್ಲಿಲ್ಲ. ಅವರ ಸಂಪಾದನೆಯ ದಾರಿ ಅಂದೇ ನಿಂತುಹೋಯಿತು.

ನಾವು ಆ ರಸ್ತೆಯನ್ನು ವಾಹನವಿಲ್ಲದ ರಸ್ತೆ ಎಂದುಕೊಂಡಿದ್ದೆವು. ವಾಹನ ಕಡಿಮೆಯಿದ್ದುದು ಆ ಹೊತ್ತಿನ ಅದೃಷ್ಟ, ಅಷ್ಟೇ. ಖಾಲಿ ರಸ್ತೆಯೆಂದು ಅತಿವೇಗದಲ್ಲಿ ಬರುವ ಒಂದೇ ಕಾರು ಸಾಕು. ನಾನಾದರೋ ಹೆದರಿದರೆ ಸೈಕಲ್ಲನ್ನು ಬಾಲ್ಕನಿಯಲ್ಲಿ ನಿಲ್ಲಿಸಬಲ್ಲೆ. ಹಾಲು, ಹಣ್ಣು, ಸೊಪ್ಪು ಹೊತ್ತು ಬರುವವರಿಗೆ ಆ ಅನುಕೂಲವಿಲ್ಲ. ಸೈಕಲ್ಲುಗಳಿಗೆ ರಸ್ತೆ ಕೇಳುವುದು ಉಳ್ಳವರ ಹವ್ಯಾಸವೆಂದು ಹೇಳುವವರು ಈ ವೃದ್ಧರನ್ನು ಗಮನಕ್ಕೆ ತಂದುಕೊಳ್ಳಬೇಕು.

ಏನು ಮಾಡಬಹುದು?

ಸೈಕಲ್ಲುಗಳಿಗೆ ಪ್ರತ್ಯೇಕ ಪಥವನ್ನು ಕಟ್ಟುವುದು ಒಂದು ಮಾರ್ಗ. ಹೈದರಾಬಾದಿನ ಹೊರವರ್ತುಲ ರಸ್ತೆಯ ಪಕ್ಕದಲ್ಲಿ 2023ರ ಅಕ್ಟೋಬರ್ 1ರಂದು ಅಂಥದೊಂದು ಉದ್ಘಾಟನೆಯಾಯಿತು. ನಾನಕ್‌ರಾಮಗುಡದಿಂದ ಪೊಲೀಸ್ ಅಕಾಡೆಮಿಯವರೆಗೆ 8.5 ಕಿಲೋಮೀಟರು, ನರಸಿಂಗಿಯಿಂದ ಕೊಲ್ಲೂರಿನವರೆಗೆ 14.5, ಒಟ್ಟು 23 ಕಿಲೋಮೀಟರು. ಅಗಲ ನಾಲ್ಕೂವರೆ ಮೀಟರು. ಮೇಲೆ 16 ಮೆಗಾವಾಟ್ ಸಾಮರ್ಥ್ಯದ ಸೌರಫಲಕಗಳ ಚಾವಣಿ. ಬಿಸಿಲಿನ ಊರಿಗೆ ನೆರಳು ಕೊಡುತ್ತಲೇ ವಿದ್ಯುತ್ತನ್ನೂ ಉತ್ಪಾದಿಸುವ ಇದು ಮೆಚ್ಚತಕ್ಕ ಯೋಜನೆ. ಆದರೆ ಅಲ್ಲಿಂದ ಜಲಾಶಯಗಳ ಹಳ್ಳಿಗಾಡಿಗೆ ಹೋಗಬೇಕಾದರೆ ಮತ್ತೆ ಕಾರು ಲಾರಿಗಳ ನಡುವೆಯೇ ನುಗ್ಗಬೇಕು. ಪೇರಲೆಯ ವೃದ್ಧರ ಹಳ್ಳಿಗೆ ಆ ಪಥ ತಲುಪುವುದಿಲ್ಲ.

ಹಾಗಾದರೆ ಜಲಾಶಯದ ಸುತ್ತಲೂ ಹೊಸ ಪಥವನ್ನು ಕಟ್ಟೋಣವೆ? ಇದನ್ನು ನಾನು ಒಪ್ಪಲಾರೆ. ಮುಂಬಯಿಯಲ್ಲಿ ನಡೆದುದು ನಮಗೆ ಪಾಠವಾಗಬೇಕು. 1891ರ ಕಾಲದ ಪೊವಾಯಿ ಕೆರೆಯ ಸುತ್ತ ಸೈಕಲ್ ಪಥವನ್ನು ನಿರ್ಮಿಸಲು ನಗರಪಾಲಿಕೆಯು ಹೊರಟಾಗ, ಕೆರೆಯ ಅಂಚಿಗೆ ಕಲ್ಲು ತುಂಬುತ್ತಿದ್ದಾರೆಂದು ನಾಗರಿಕರು ನ್ಯಾಯಾಲಯದ ಮೊರೆಹೋದರು. 2022ರ ಮೇ 6ರಂದು ಬೊಂಬಾಯಿ ಉಚ್ಚ ನ್ಯಾಯಾಲಯವು ಆ ಕಾಮಗಾರಿ ಕಾನೂನಿಗೆ ವಿರುದ್ಧವೆಂದೂ, ಅದನ್ನು ತೆಗೆದು ಸ್ಥಳವನ್ನು ಮೊದಲಿನಂತೆ ಮಾಡಬೇಕೆಂದೂ ತೀರ್ಪಿತ್ತಿತು. ನೀರನ್ನು ನೋಡುವ ಸಂತೋಷಕ್ಕಾಗಿ ನೀರನ್ನೇ ಒತ್ತರಿಸುವುದು ವಿವೇಕವಲ್ಲ.

ನನ್ನ ಸೂಚನೆಗೆ ಸಿಮೆಂಟು ಬೇಕಿಲ್ಲ. ಈಗಿರುವ ರಸ್ತೆಯೇ ಸಾಕು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳ ದಡದ ರಸ್ತೆಗಳಲ್ಲಿ ಆಯ್ದ ಒಂದು ಭಾಗವನ್ನು ಭಾನುವಾರ ಬೆಳಗಿನ ನಾಲ್ಕೂವರೆಯಿಂದ ಎಂಟರವರೆಗೆ ಹೊರಗಿನ ಮೋಟಾರು ವಾಹನಗಳಿಗೆ ಮುಚ್ಚಬೇಕು. ಉಳಿದ ದಿನಗಳಲ್ಲಿ ನಸುಕಿನ ವೇಗಕ್ಕೆ ಕಡಿವಾಣ ಹಾಕಿ, ಕುಡಿದು ಓಡಿಸುವವರ ತಪಾಸಣೆಯನ್ನು ಬೆಳಗಿನ ಜಾವದವರೆಗೂ ಮುಂದುವರಿಸಬೇಕು. ಇದು ಕನಸಿನ ಮಾತಲ್ಲ. ದಕ್ಷಿಣ ಅಮೆರಿಕದ ಬೊಗೋಟಾ ನಗರದಲ್ಲಿ 1974ರಲ್ಲಿ ಆರಂಭವಾದ ಇಂಥ ಪದ್ಧತಿಯು ಇಂದು ಭಾನುವಾರಗಳಂದು ನೂರು ಕಿಲೋಮೀಟರಿಗೂ ಮೀರಿದ ರಸ್ತೆಗಳಲ್ಲಿ ನಡೆಯುತ್ತಿದೆ. ನಮ್ಮ ಬೆಂಗಳೂರಿನ ಸೈಕಲ್ ದಿನವೂ ಗುರುಗ್ರಾಮದ ರಾಹ್‌ಗಿರಿಯೂ 2013ರಲ್ಲಿ ಇದೇ ಮಾದರಿಯಲ್ಲಿ ಪ್ರಾರಂಭವಾದವು. ಒಂದು ಅಡ್ಡಪಟ್ಟಿ, ಇಬ್ಬರು ಪೊಲೀಸಿನವರು, ಕೆಲವು ಸ್ವಯಂಸೇವಕರು, ಇಷ್ಟರಿಂದ ಆರಂಭಿಸಬಹುದು.

ಆಕ್ಷೇಪಣೆಗಳಿಲ್ಲದಿಲ್ಲ. ಹಳ್ಳಿಯವರ ಗತಿಯೇನು? ಸ್ಥಳೀಯರ ವಾಹನ, ಹಾಲು ತರಕಾರಿಯ ಗಾಡಿ, ಆಂಬುಲೆನ್ಸುಗಳಿಗೆ ನಿಧಾನವಾಗಿ ಹೋಗಲು ಅನುಮತಿಯಿರಲಿ. ರಸ್ತೆಯ ಯಾವ ಭಾಗ, ಯಾವ ಹೊತ್ತು ಎಂಬುದನ್ನು ಅವರನ್ನು ಕೇಳಿಯೇ ನಿರ್ಧರಿಸಲಿ. ಚಿಲುಕೂರಿನ ಬಾಲಾಜಿಯ ದರ್ಶನಕ್ಕೆ ಹೋಗುವ ಭಕ್ತರು? ಅವರ ಮುಖ್ಯ ದಾರಿಯನ್ನು ಮುಟ್ಟುವುದೇ ಬೇಡ. ಸೈಕಲ್ಲಿನವರು ಕಸ ಎಸೆಯುತ್ತಾರೆ, ಗುಂಪುಗೂಡಿ ಕಿರುಚುತ್ತಾರೆ ಎಂಬ ದೂರಿನಲ್ಲಿ ಸತ್ಯವಿದೆ. ಹಳ್ಳಿಯ ನಸುಕಿನಲ್ಲಿ ನಾವು ಅತಿಥಿಗಳು, ಅತಿಥಿಗಳಂತೆಯೇ ನಡೆದುಕೊಳ್ಳಬೇಕು.

ಸಂಘಕ್ಕೆ ಒಂದು ಬಿನ್ನಹ

ಪರಸ್ಥಳದಲ್ಲಿರುವವರಿಗೆ ಊರಿನ ರಸ್ತೆಯ ಗೊಡವೆ ಏಕೆಂದು ಕೆಲವರು ಕೇಳಬಹುದು. ಇಲ್ಲಿ ತೆರಿಗೆ ಕಟ್ಟುವವರು, ಇಲ್ಲಿಯ ನೀರು ಕುಡಿಯುವವರು, ಇಲ್ಲಿಯೇ ಮಕ್ಕಳನ್ನು ಬೆಳೆಸುವವರು ಇನ್ನೂ ಎಷ್ಟು ವರ್ಷ ತಮ್ಮನ್ನು ಪರಸ್ಥಳದವರೆಂದುಕೊಳ್ಳಬೇಕು? ನಾವು ಪ್ರತಿ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಮಾಲೆ ಹಾಕಿ ಭಾಷಣಗಳನ್ನು ಕೇಳುತ್ತೇವೆ. ಮುಂದಿನ ವರ್ಷ ಅದರ ಸಮೀಪದ ಭಾನುವಾರ, ಅವರ ಸಲಹೆಯಿಂದ ಹುಟ್ಟಿದ ಈ ನೀರಿನ ದಡಕ್ಕೆ ಸೈಕಲ್ಲುಗಳಲ್ಲಿ ಹೋಗೋಣ. ಇಳಿವಯಸ್ಸಿನವರು ನಡೆದು ಬರಲಿ. ಅದೇ ದಿನ ರಸ್ತೆಯ ಕುರಿತ ಮನವಿಗೆ ಎಲ್ಲರೂ ಸಹಿ ಮಾಡಿ ಅಧಿಕಾರಿಗಳಿಗೆ ಸಲ್ಲಿಸೋಣ. ತೆಲುಗು, ಉರ್ದು, ಮರಾಠಿ ಮಾತಿನ ನೆರೆಹೊರೆಯವರನ್ನೂ ಸೇರಿಸಿಕೊಳ್ಳೋಣ. ಸಕ್ಕರೆ ಕಾಯಿಲೆಗೆ ಭಾಷೆಯ ಭೇದವಿಲ್ಲ.

ನನ್ನ ಮಗಳಿಗೆ ಈಗ ಹದಿಮೂರು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ನಿಂತ ಕಾರುಗಳ ನಡುವೆ ಸುತ್ತು ಹಾಕಿ ಅವಳು ಸೈಕಲ್ಲು ಕಲಿತಳು. ‘ಅಪ್ಪಾ, ನನ್ನನ್ನೂ ಕೆರೆಯ ಹತ್ತಿರ ಕರೆದುಕೊಂಡು ಹೋಗು’ ಎಂದು ವಾರವಾರವೂ ಕೇಳುತ್ತಾಳೆ. ಜನವರಿಯ ಆ ಘಟನೆಯ ಮೊದಲು, ‘ಮುಂದಿನ ವಾರ’ ಎನ್ನುತ್ತಿದ್ದೆ. ಈಗ ಏನು ಹೇಳಬೇಕೆಂದು ತಿಳಿಯದೆ ಸುಮ್ಮನಾಗುತ್ತೇನೆ. ಅವಳಿಗೆ ‘ನಡಿ’ ಎನ್ನುವ ಧೈರ್ಯ ನನಗೊಬ್ಬನಿಗೇ ಬರಲಾರದು. ಅದು ನಾವೆಲ್ಲರೂ ಸೇರಿ ಕೇಳಿ ಪಡೆಯಬೇಕಾದದ್ದು. ಈ ಲೇಖನವನ್ನು ಓದಿದವರಲ್ಲಿ ಹತ್ತು ಮಂದಿಯಾದರೂ ಸಂಘದ ಕಚೇರಿಗೆ ಬಂದು ಹೆಸರು ಕೊಟ್ಟರೆ ನನ್ನ ಶ್ರಮ ಸಾರ್ಥಕ.